ಚಳಿಗಾಲದ ಹಕ್ಕಿ: ಕೆರೆ ಅಂಚಿನ ಕಂದು ಗೊರವಗಳನ್ನ ಬೇರೆ ಬೇರೆ ಮಾಡಿ ಗುರುತಿಸೋದು ಹೇಗೆ? (ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು)

ಕಂದವಾರದ_ಕಡೆಯವ:
ಎಲ್ಲರಿಗೂ ನಮಸ್ಕಾರ. 8×40 ಬೈನಾಕ್ಯುಲರ್ ಇದೆ, ಕ್ಯಾಮೆರಾ ಇಲ್ಲ. ಮಿಂಚುಳ್ಳಿ, ನಾಮದ ಕೋಳಿ, ಬೆಳ್ಳಕ್ಕಿ, ಗುಳುಮುಳುಕ ಎಲ್ಲ ಗುರುತು ಹಿಡೀತೀನಿ. ಕಷ್ಟ ಆಗೋದು ನವೆಂಬರ್ ಆದ್ಮೇಲೆ ಬರೋ ಹಕ್ಕಿಗಳಲ್ಲಿ.

ಒಂದು, ನೀರಿನ ಅಂಚಲ್ಲಿ ಓಡಾಡೋ ಕಂದು ಬೆನ್ನು, ಬಿಳಿ ಹೊಟ್ಟೆ ಗೊರವ (ಸ್ಯಾಂಡ್‌ಪೈಪರ್). ಪುಸ್ತಕದಲ್ಲಿ ನಾಲ್ಕೈದು ಚಿತ್ರ ಇವೆ, ಎಲ್ಲಾ ಒಂದೇ ಅನಿಸುತ್ತೆ. ಎರಡು, ಜಾಲಿ ಪೊದೆ ಒಳಗಿಂದ ಚೆಕ್ ಚೆಕ್ ಅನ್ನೋ ಮಣ್ಣು ಬಣ್ಣದ ಸಣ್ಣ ಹಕ್ಕಿ. ಮೂರು, ಬಾತುಗಳ ಗುಂಪಲ್ಲಿ ಎಲ್ಲವೂ ಹೆಣ್ಣೇ ಏನೋ ಅನ್ನೋ ಹಾಗೆ ಕಾಣೋದು ಯಾಕೆ?

ಮೂರು ಜಿಲ್ಲೆಯಲ್ಲಿ ಎಲ್ಲಿಗೆ, ಎಷ್ಟು ಹೊತ್ತಿಗೆ ಹೋದ್ರೆ ಒಳ್ಳೇದು ಅನ್ನೋದನ್ನೂ ಹೇಳಿ.

ತೂಬಿನ_ಪಕ್ಕ:
ಮೊದಲು ಏರಿ ಬಿಟ್ಟು ಕೆಳಗಿಳೀರಿ. ಎಲ್ಲರೂ ಗಾಡಿ ನಿಲ್ಲಿಸೋಕೆ ಅನುಕೂಲ ಅಂತ ಏರಿ ಮೇಲೇ ನಿಂತ್ಕೊಂಡು ನೋಡ್ತಾರೆ. ಏರಿ ಪಕ್ಕ ನೀರು ಆಳ. ಅಲ್ಲಿ ನೀರುಕಾಗೆ, ನಾಮದ ಕೋಳಿ, ಬಾತು ಸಿಗಬಹುದು ಅಷ್ಟೆ. ಗೊರವಗಳಿಗೆ ಬೇಕಾಗಿರೋದು ಬೆರಳುದ್ದ ನೀರು, ಒದ್ದೆ ಕೆಸರು. ಅದು ಇರೋದು ಏರಿಯ ಎದುರು ಕಡೆ, ಹಳ್ಳ ಬಂದು ಸೇರೋ ಅಂಗಳದಲ್ಲಿ. ಕೆರೆ ತುಂಬಿ ಕೋಡಿ ಹರೀತಿದ್ರೆ ಆ ಕೆರೆ ಬಿಟ್ಟು ಮುಂದಿನ ಸಣ್ಣ ಕಟ್ಟೆಗೆ ಹೋಗಿ. ಅರ್ಧ ಬತ್ತಿದ ಕಟ್ಟೆಯೇ ಒಳ್ಳೇದು.

ಬೆಳಿಗ್ಗೆ ಆದ್ರೆ ಕೆರೆಯ ಪೂರ್ವ ದಡ, ಸಂಜೆ ಆದ್ರೆ ಪಶ್ಚಿಮ ದಡ. ಸೂರ್ಯ ನಿಮ್ಮ ಬೆನ್ನಿಗಿರಬೇಕು. ಸೂರ್ಯನ ಎದುರಿಗೆ ನಿಂತ್ರೆ ಎಲ್ಲಾ ಗೊರವವೂ ಕಪ್ಪು ಬೊಂಬೆ, ಕಾಲಿನ ಬಣ್ಣ ಗೊತ್ತಾಗೋದೇ ಇಲ್ಲ. ಹತ್ತು ಗಂಟೆ ಮೇಲೆ ಕೆಸರಿನ ಮೇಲೆ ಬಿಸಿಗಾಳಿ ಆಡೋಕೆ ಶುರು ಆಗುತ್ತೆ, ಬೈನಾಕ್ಯುಲರ್ ಎಷ್ಟೇ ಚೆನ್ನಾಗಿದ್ರೂ ಚಿತ್ರ ಕುದಿಯುತ್ತೆ. ನಂದಿ ಬುಡದ ಕೆರೆಗಳಲ್ಲಿ ಡಿಸೆಂಬರ್ ಬೆಳಿಗ್ಗೆ ಮಂಜು ಇರುತ್ತಲ್ಲ, ಹಾಗಾಗಿ ಅಲ್ಲಿ ಆರಕ್ಕೇ ಹೋಗಿ ಕೂರೋದು ದಂಡ. ಏಳೂವರೆಯಿಂದ ಹತ್ತು, ಆಮೇಲೆ ಸಂಜೆ ನಾಲ್ಕರಿಂದ.

ಗೊರವಂಕ:
ಗೊರವದ್ದು ನಾನು ಹೇಳ್ತೀನಿ. ಬಣ್ಣ ಮರೆತುಬಿಡಿ, ಇವು ಚಳಿಗಾಲದಲ್ಲಿ ಎಲ್ಲಾ ಕಂದೇ. ಈ ಕ್ರಮದಲ್ಲಿ ನೋಡಿ.

ಬಾಲ ಕುಣಿಸ್ತಿದೆಯಾ? ನಿಂತಾಗಲೂ ನಡೀವಾಗಲೂ ಹಿಂಭಾಗ ಬಿಡುವಿಲ್ಲದೆ ಮೇಲೆ ಕೆಳಗೆ ಆಡ್ತಿದ್ರೆ ಕಾಮನ್ ಸ್ಯಾಂಡ್‌ಪೈಪರ್. ಗಟ್ಟಿ ಮಾಡ್ಕೊಳ್ಳೋಕೆ ಭುಜ ನೋಡಿ: ಎದೆಯ ಕಂದು ಪಟ್ಟಿಗೂ ಮಡಿಸಿದ ರೆಕ್ಕೆಗೂ ನಡುವೆ ಹೊಟ್ಟೆಯ ಬಿಳಿ ಮೇಲಕ್ಕೆ ನುಗ್ಗಿರುತ್ತೆ. ಹಾರಿದಾಗ ನೀರಿಗೆ ತಾಗೋಷ್ಟು ಕೆಳಗೆ, ರೆಕ್ಕೆ ಪೂರ್ತಿ ಬೀಸದೆ ಸಣ್ಣದಾಗಿ ನಡುಗಿಸ್ತಾ, ಮಧ್ಯೆ ಮಧ್ಯೆ ಬಿಗಿಯಾಗಿ ಹಿಡಿದು ತೇಲುತ್ತೆ. ರೆಕ್ಕೆ ಮೇಲೆ ಬಿಳಿ ಗೆರೆ ಇರುತ್ತೆ, ಬಾಲದ ಬುಡ ಮಾತ್ರ ಕಂದು. ಇದು ಕಲ್ಲು ಇರೋ ದಡದಲ್ಲಿ, ತೂಬಿನ ಕಟ್ಟೆ ಮೇಲೂ ಒಂಟಿಯಾಗಿ ಸಿಗುತ್ತೆ.

ಉಳಿದ ಎರಡು ಗ್ರೀನ್ ಸ್ಯಾಂಡ್‌ಪೈಪರ್ ಮತ್ತು ವುಡ್ ಸ್ಯಾಂಡ್‌ಪೈಪರ್. ಇವೂ ಬಾಲ ಕುಣಿಸ್ತವೆ, ಆದ್ರೆ ಕಮ್ಮಿ. ಜನ ಎಡವೋದು ಈ ಎರಡರ ನಡುವೆ. ವುಡ್‌ಗೆ ಕಾಲು ಉದ್ದ, ಹಳದಿ ಛಾಯೆ. ಹುಬ್ಬಿನ ಬಿಳಿ ಗೆರೆ ಕಣ್ಣು ದಾಟಿ ಹಿಂದಕ್ಕೂ ಸ್ಪಷ್ಟವಾಗಿ ಹೋಗುತ್ತೆ, ಬೆನ್ನ ಮೇಲೆ ದಪ್ಪ ಬಿಳಿ ಚುಕ್ಕಿ. ಗ್ರೀನ್‌ಗೆ ಬೆನ್ನು ಗಾಢ, ಚುಕ್ಕಿ ಸಣ್ಣದು, ಹುಬ್ಬು ಕಣ್ಣಿನ ಮುಂದೆ ಮಾತ್ರ ಎದ್ದು ಕಾಣುತ್ತೆ, ಕಾಲು ಹಸಿರು ಮಿಶ್ರಿತ ಮಾಸಲು. ಕೂತಾಗ ಅನುಮಾನ ಇದ್ರೆ ಹಾರೋವರೆಗೂ ಕಾಯಿರಿ. ರೆಕ್ಕೆಯ ಅಡಿಭಾಗ ಕಪ್ಪಾಗಿ, ಬಾಲದ ಬುಡ ಅಪ್ಪಟ ಬಿಳಿ ಮಿಂಚಿದ್ರೆ ಗ್ರೀನ್. ರೆಕ್ಕೆ ಅಡಿ ತಿಳಿ ಇದ್ರೆ ವುಡ್. ಬಾಲದ ಬುಡ ಇಬ್ಬರದ್ದೂ ಬಿಳಿಯೇ, ಅದೊಂದನ್ನೇ ನೋಡಿ ತೀರ್ಮಾನ ಮಾಡಿದ್ರೆ ಕೆಡ್ತೀರಿ.

ಕೂಗು ಇನ್ನೂ ಸುಲಭ. ಗ್ರೀನ್ ಎದ್ದ ತಕ್ಷಣ ಟ್ಲೂಯಿಟ್-ವಿಟ್-ವಿಟ್ ಅಂತ ಚೂಪಾಗಿ ಕೂಗಿ ಎತ್ತರಕ್ಕೆ ಏರುತ್ತೆ. ವುಡ್ ಚಿಫ್-ಇಫ್-ಇಫ್ ಅಂತ ಒಂದೇ ಮಟ್ಟದಲ್ಲಿ. ಕಾಮನ್ ಇಳಿಮುಖದಲ್ಲಿ ತ್ವೀ-ವೀ-ವೀ-ವೀ.

ಶಿರಾ_ಹುಡ್ಗ:
ಗುರು, ಇದಕ್ಕೆ ಗ್ರೀನ್‌ಶ್ಯಾಂಕ್ ಸೇರಿಸು. ಅದೂ ಎಲ್ಲಾ ಕಡೆ ಐತೆ.

ಗೊರವಂಕ:
ಅದು ದೊಡ್ಡದಪ್ಪ, ಬೂದು ಬಣ್ಣ, ಈ ಮೂರರ ಜೊತೆ ಗೊಂದಲ ಆಗಲ್ಲ. ಗೊಂದಲ ಇರೋದು ಮಾರ್ಶ್ ಸ್ಯಾಂಡ್‌ಪೈಪರ್ ಜೊತೆ. ಮಾರ್ಶ್‌ಗೆ ಸೂಜಿ ಕೊಕ್ಕು, ನೇರ, ಮೈ ತೆಳು. ಗ್ರೀನ್‌ಶ್ಯಾಂಕ್ ಕೊಕ್ಕು ಬುಡದಲ್ಲಿ ದಪ್ಪ, ತುದಿ ಸ್ವಲ್ಪ ಮೇಲಕ್ಕೆ ಬಾಗಿರುತ್ತೆ. ಹಾರಿದಾಗ ಇಬ್ಬರ ಬೆನ್ನಲ್ಲೂ ಬಿಳಿ ಉದ್ದಕ್ಕೆ ಮೇಲೆ ಹತ್ತಿರುತ್ತೆ. ಗ್ರೀನ್‌ಶ್ಯಾಂಕ್ ಟ್ಯೂ-ಟ್ಯೂ-ಟ್ಯೂ ಅಂತ ಮೂರು ಸಲ ಕೂಗಿದ್ರೆ ಊರಿಗೇ ಕೇಳುತ್ತೆ.

ಅವರೆಕಾಯಿ:
ಅಣ್ಣ, ನಂದಿ ಬೆಟ್ಟ ಯಾರೂ ಹೇಳ್ಲೇ ಇಲ್ಲ? ಚಳಿಗಾಲ ಅಂದ್ರೆ ನಂದಿ.

ಬಂಡೆ_ಸಿಳ್ಳಾರ:
ನಂದಿಗೆ ಹೋಗಿ, ಶನಿವಾರ ಭಾನುವಾರ ಬೇಡ. 1,478 ಮೀಟರ್ ಎತ್ತರ, ಮೇಲೆ ನಿತ್ಯಹಸಿರು ಮರಗಳ ತುಣುಕು ಇದೆ. ಹಾಗಾಗಿ ಸುತ್ತಲಿನ ಬಯಲಲ್ಲಿ ಸಿಗದ ಹಕ್ಕಿ ಅಲ್ಲಿ ಸಿಗುತ್ತೆ. ಹಿಮಾಲಯದಲ್ಲಿ ಮರಿ ಮಾಡಿ ಚಳಿಗೆ ದಕ್ಷಿಣಕ್ಕೆ ಬರೋ ಬ್ಲೂ-ಕ್ಯಾಪ್ಡ್ ರಾಕ್ ಥ್ರಷ್, ಇಂಡಿಯನ್ ಬ್ಲೂ ರಾಬಿನ್ ಎರಡಕ್ಕೂ ನಮ್ಮ ಮೂರು ಜಿಲ್ಲೆಯಲ್ಲಿ ಅದೇ ಒಳ್ಳೆ ಜಾಗ. ರಾಬಿನ್ ನೋಡೋಕೆ ನಡೀಬೇಡಿ. ತೋಟಗಾರಿಕೆ ಇಲಾಖೆಯ ನರ್ಸರಿ ಬದಿ ತರಗೆಲೆ ಬಿದ್ದಿರೋ ನೆರಳಲ್ಲಿ ಒಂದು ಕಡೆ ಕೂತು ನೆಲ ನೋಡ್ತಾ ಇರಿ. ಎಲೆ ಮಗುಚೋ ಸದ್ದು ಮೊದಲು ಕೇಳುತ್ತೆ, ಆಮೇಲೆ ಗಿಡ್ಡ ಬಾಲ ನಡುಗಿಸೋ ಹಕ್ಕಿ ಹೊರಗೆ ಬರುತ್ತೆ. ಗಂಡಾದ್ರೆ ಬೆನ್ನು ನೀಲಿ, ಎದೆ ಕಿತ್ತಳೆ, ಬಿಳಿ ಹುಬ್ಬು. ಹೆಣ್ಣಾದ್ರೆ ಬರೀ ಕಂದು. ಅದೇ ನೆಲದಲ್ಲಿ ಪಫ್-ಥ್ರೋಟೆಡ್ ಬ್ಯಾಬ್ಲರ್ ಕೂಡ ಎಲೆ ಮಗುಚುತ್ತೆ, ಅದಕ್ಕೆ ಎದೆ ಮೇಲೆ ಕಂದು ಗೀರುಗಳಿರ್ತವೆ.

ಹಳದಿ ಕತ್ತಿನ ಪಿಕಳಾರ (ಯೆಲ್ಲೋ-ಥ್ರೋಟೆಡ್ ಬುಲ್ಬುಲ್) ವಲಸೆ ಹಕ್ಕಿ ಅಲ್ಲ, ವರ್ಷಪೂರ್ತಿ ಬಂಡೆ ಬೆಟ್ಟಗಳಲ್ಲೇ ಇರುತ್ತೆ. ದಕ್ಷಿಣ ಭಾರತ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕಲ್ಲು ಕ್ವಾರಿ ಹೆಚ್ಚಾದಷ್ಟೂ ಅದರ ಜಾಗ ಹೋಗ್ತಾ ಇದೆ.

ಮೊಬೈಲ್_ಬರ್ಡರ್:
ಅದಕ್ಕೆ ಫೋನಲ್ಲಿ ಕೂಗು ಹಾಕಿದ್ರೆ ಎರಡೇ ನಿಮಿಷದಲ್ಲಿ ಎದುರಿಗೆ ಬರುತ್ತೆ. ಅಷ್ಟು ಒದ್ದಾಡೋದು ಯಾಕೆ?

ಬಂಡೆ_ಸಿಳ್ಳಾರ:
ಬರುತ್ತೆ, ಯಾಕೆ ಬರುತ್ತೆ ಗೊತ್ತಾ? ತನ್ನ ಜಾಗಕ್ಕೆ ಇನ್ನೊಂದು ನುಗ್ಗಿದೆ ಅಂದ್ಕೊಂಡು ಜಗಳಕ್ಕೆ ಬರುತ್ತೆ. ಮೇಯೋದು ಬಿಟ್ಟು, ಗಿಡುಗಕ್ಕೆ ಕಾಣೋ ಹಾಗೆ ಮೇಲೆ ಬಂದು ಕೂರುತ್ತೆ. ಒಬ್ಬರು ಹಾಕಿದ್ರೆ ಪರವಾಗಿಲ್ಲ ಅನ್ನಬಹುದು. ನಂದಿಯಂಥ ಕಡೆ ಒಬ್ಬರ ಹಿಂದೆ ಒಬ್ಬರು ಬಂದು ಅದೇ ಪೊದೆಗೆ ಹಾಕ್ತಾರೆ. ಚಳಿಗಾಲಕ್ಕೆ ಬಂದಿರೋ ಬ್ಲೂ ರಾಬಿನ್ ಕೂಡ ತನ್ನ ತುಂಡು ನೆಲ ಕಾಯುತ್ತೆ, ಅದಕ್ಕೂ ಇದೇ ಗತಿ. ದಯವಿಟ್ಟು ಹಾಕಬೇಡಿ.

ಮೊಬೈಲ್_ಬರ್ಡರ್:
ಸರಿ ಸಾರ್, ಹಾಕಲ್ಲ. ಮರ್ಲಿನ್ ಆ್ಯಪಲ್ಲಿ ಕೂಗು ಕೇಳಿಸಿ ಹೆಸರು ಕಂಡುಹಿಡಿಯೋದು ತಪ್ಪಿಲ್ಲ ತಾನೆ? ಅದು ಬರೀ ಕೇಳಿಸ್ಕೊಳ್ಳುತ್ತೆ.

ಗೌರಿಬಿದನೂರು_ಮೇಷ್ಟ್ರು:
ತಪ್ಪಿಲ್ಲ, ಆದರೆ ಅದು ಹೇಳಿದ್ದನ್ನು ಹಾಗೇ ಪಟ್ಟಿಗೆ ಬರೆಯಬೇಡಿ. ನಮ್ಮ ಕಾಜಾಣ ಶಿಕ್ರಾ ಗಿಡುಗದ ಕೂಗನ್ನು ಅಚ್ಚುಕಟ್ಟಾಗಿ ಅನುಕರಿಸುತ್ತದೆ. ಜೆರ್ಡನ್ಸ್ ಲೀಫ್‌ಬರ್ಡ್ ಅಂತೂ ಒಂದೇ ಉಸಿರಿಗೆ ನಾಲ್ಕು ಹಕ್ಕಿಯ ಕೂಗು ಕೂಗುತ್ತದೆ, ಆ್ಯಪ್ ನಾಲ್ಕು ಹೆಸರು ತೋರಿಸುತ್ತದೆ, ಮರದಲ್ಲಿ ಇರುವುದು ಒಂದೇ ಹಕ್ಕಿ. ಭಾರತದ ಹಕ್ಕಿಗಳ ಪ್ಯಾಕ್ ಇಳಿಸಿಕೊಳ್ಳಿ, ಸ್ಥಳ ಮತ್ತು ದಿನಾಂಕ ಸರಿಯಾಗಿ ಕೊಡಿ, ಹೆದ್ದಾರಿ ಪಕ್ಕ ರೆಕಾರ್ಡ್ ಮಾಡಬೇಡಿ. ಹೆಸರು ಬಂದ ಮೇಲೆ ಆ ಹಕ್ಕಿಯನ್ನು ಕಣ್ಣಾರೆ ಹುಡುಕಿ.

ಇದಕ್ಕಿಂತ ಉಪಯೋಗಕ್ಕೆ ಬರುವುದು ಹಕ್ಕಿ ನೋಡಿದವರು ಪಟ್ಟಿ ಹಾಕುವ ತಾಣ ಇಬರ್ಡ್‌ನಲ್ಲಿ ಜಿಲ್ಲೆಯ ಬಾರ್ ಚಾರ್ಟ್. ಪ್ರತಿ ತಿಂಗಳನ್ನು ನಾಲ್ಕು ಭಾಗ ಮಾಡಿ ಯಾವ ಹಕ್ಕಿ ಯಾವಾಗ ಎಷ್ಟು ವರದಿಯಾಗಿದೆ ಎಂದು ತೋರಿಸುತ್ತದೆ. ಡಿಸೆಂಬರ್ ಮೊದಲ ವಾರದಲ್ಲಿ ಚಿಕ್ಕಬಳ್ಳಾಪುರಕ್ಕೆ ಯಾವ ವಾರ್ಬ್ಲರ್ (ನಿಮ್ಮ ಪೊದೆ ಹಕ್ಕಿಯಂಥ ಸಣ್ಣ ಹಕ್ಕಿ) ಬರಬಹುದು ಎಂದು ಮೊದಲೇ ನೋಡಿಕೊಂಡು ಹೋದರೆ ಪುಸ್ತಕದ ಮೂವತ್ತು ಚಿತ್ರ ಐದಕ್ಕೆ ಇಳಿಯುತ್ತದೆ.

ಕಂದವಾರದ_ಕಡೆಯವ:
ಮೇಷ್ಟ್ರೇ, ಆ ಐದು ಯಾವುವು ಅಂತಲೇ ಹೇಳಿಬಿಡಿ!

ಗೌರಿಬಿದನೂರು_ಮೇಷ್ಟ್ರು:
ಹೇಳುತ್ತೇನೆ. ಮೊದಲು ನಮ್ಮೂರಿನ ಖಾಯಂ ಹಕ್ಕಿಗಳನ್ನು ತೆಗೆದುಹಾಕಿ. ಬಾಲ ಉದ್ದವಾಗಿ, ಮೆಟ್ಟಿಲು ಮೆಟ್ಟಿಲಾಗಿ ಇದ್ದು ಅದನ್ನು ನಿಮಿರಿಸಿಕೊಂಡು ಓಡಾಡಿದರೆ ಪ್ರಿನಿಯಾ. ತಲೆ ಕೆಂಗಂದು, ಬೆನ್ನು ಹಸಿರು ಇದ್ದರೆ ಟುವ್ವಿ ಹಕ್ಕಿ. ಈ ಎರಡೂ ಅಲ್ಲದಿದ್ದರೆ ಮಾತ್ರ ವಲಸೆ ಹಕ್ಕಿಯ ಯೋಚನೆ.

ಪೊದೆಯ ಕೆಳ ಅರ್ಧದಲ್ಲಿ, ಗೆರೆ ಚುಕ್ಕಿ ಏನೂ ಇಲ್ಲದ ಕಂದು ಮೈ, ಉದ್ದ ಕೊಕ್ಕು, ಹುಬ್ಬು ಗಿಡ್ಡ, ಕಲ್ಲಿಗೆ ಕಲ್ಲು ತಾಗಿಸಿದ ಹಾಗೆ ಚೆಕ್, ಚೆಕ್: ಅದು ಬ್ಲೈಥ್ಸ್ ರೀಡ್ ವಾರ್ಬ್ಲರ್. ನಿಮ್ಮ ಜಾಲಿ ಪೊದೆಯ ಹಕ್ಕಿ ಬಹುಪಾಲು ಇದೇ. ಹೆಸರಲ್ಲಿ ಜೊಂಡು ಇದ್ದರೂ ಜೊಂಡಿನಲ್ಲಿ ಕಡಿಮೆ, ಬೇಲಿ ಮತ್ತು ಹೊಂಗೆ ಸಾಲುಗಳಲ್ಲೇ ಹೆಚ್ಚು. ಜೊಂಡಿನ ಒಳಗೇ ಕರ್ಕಶವಾಗಿ ಕಿರುಚುವ ದೊಡ್ಡ ಹಕ್ಕಿ ಕ್ಲಾಮರಸ್ ರೀಡ್ ವಾರ್ಬ್ಲರ್.

ಅದೇ ಜಾಲಿಯಲ್ಲಿ ಇನ್ನೂ ಸಣ್ಣದು, ಮಾಸಲು ಬಣ್ಣ, ಕೊಕ್ಕು ಗಿಡ್ಡ, ಬಾಲದ ತುದಿ ಚೌಕ ಇದ್ದರೆ ಬೂಟೆಡ್ ವಾರ್ಬ್ಲರ್. ಮಾವು, ಹುಣಸೆಯಂಥ ಮರದ ಮೇಲ್ಭಾಗದಲ್ಲಿ ಎಲೆಯಿಂದ ಎಲೆಗೆ ಚುರುಕಾಗಿ ಹಾರುತ್ತಾ ಚಿಸ್ವೀ ಎನ್ನುವುದು ಗ್ರೀನಿಷ್ ವಾರ್ಬ್ಲರ್. ಇದಕ್ಕೆ ಹುಬ್ಬು ಉದ್ದ, ರೆಕ್ಕೆ ಮೇಲೆ ತೆಳು ಗೆರೆ ಒಂದು. ಗರಿ ಸವೆದಿದ್ದರೆ ಆ ಗೆರೆ ಕಾಣುವುದೇ ಇಲ್ಲ, ಗೆರೆ ಇಲ್ಲ ಎಂದು ಬೇರೆ ಹೆಸರು ಹುಡುಕಬೇಡಿ. ಐದನೆಯದು ಮಧುಗಿರಿ, ಪಾವಗಡ ಕಡೆಯ ಒಣ ಜಾಲಿಗೆ ಬರುವ ಲೆಸ್ಸರ್ ವೈಟ್‌ಥ್ರೋಟ್. ತಲೆ ಬೂದು, ಕೆನ್ನೆ ಗಾಢ, ಕತ್ತು ಅಪ್ಪಟ ಬಿಳಿ.

ಶಿರಾ_ಹುಡ್ಗ:
ಮೇಷ್ಟ್ರು ಐದೂ ಮುಗಿಸಿದ್ರು. ನಮ್ಮ ಶಿರಾ ತಾಲ್ಲೂಕು ಕಗ್ಗಲಡು ಬಗ್ಗೆ ಯಾರೂ ಮಾತಾಡಲ್ವಾ? ಊರೊಳಗೆ ಹುಣಸೆ ಮರದ ಮೇಲೆ ಸೈಬೀರಿಯಾದಿಂದ ಬರೋ ಬಣ್ಣದ ಕೊಕ್ಕರೆ.

ತೂಬಿನ_ಪಕ್ಕ:
ಸೈಬೀರಿಯಾದಿಂದ ಅಲ್ಲ ಮಾರಾಯ! ಬಣ್ಣದ ಕೊಕ್ಕರೆ ನಮ್ಮ ದೇಶದ್ದೇ. ನೀರು, ಮೀನು ಇದ್ದ ಕಡೆ ಓಡಾಡ್ಕೊಂಡಿದ್ದು ಮರಿ ಮಾಡೋ ಕಾಲಕ್ಕೆ ಗುಂಪಾಗಿ ಒಂದೂರಿಗೆ ಸೇರುತ್ತೆ. ಮರಿ ಮಾಡೋಕೆ ಅಂತ ಇಲ್ಲಿಗೆ ಬರೋದಕ್ಕೂ, ಬೇರೆ ಕಡೆ ಮರಿ ಮಾಡಿ ಚಳಿ ಕಳೆಯೋಕೆ ಇಲ್ಲಿಗೆ ಬರೋದಕ್ಕೂ ವ್ಯತ್ಯಾಸ ಇದೆ. ಸೈಬೀರಿಯಾ, ಮಧ್ಯ ಏಷ್ಯಾ ಕಡೆಯಿಂದ ಬರೋದು ಸೂಜಿಬಾಲದ ಬಾತು, ಶಾವೆಲರ್ ಮತ್ತು ಗಾರ್ಗೆನಿ ಬಾತುಗಳು, ವುಡ್ ಸ್ಯಾಂಡ್‌ಪೈಪರ್, ಕಂದು ಕಳಿಂಗ ಇಂಥವು. ಇವು ನಮ್ಮಲ್ಲಿ ಗೂಡೇ ಕಟ್ಟಲ್ಲ.

ಶಿರಾ_ಹುಡ್ಗ:
ಪೇಪರ್‌ನಲ್ಲಿ ಪ್ರತಿ ವರ್ಷ ಹಂಗೇ ಬರೀತಾರೆ, ನಾನೇನ್ ಮಾಡ್ಲಿ.

ಅವರೆಕಾಯಿ:
ಪೇಪರ್‌ನಲ್ಲಿ ಆಸ್ಟ್ರೇಲಿಯಾ ಅಂತಲೂ ಬರ್ದಿದ್ರು 😄

ಗೌರಿಬಿದನೂರು_ಮೇಷ್ಟ್ರು:
ಎಲ್ಲಿಂದ ಬಂದರೂ ಕಗ್ಗಲಡು ನೋಡಬೇಕಾದ ಊರು. ಮರಗಳು ಊರ ಜನರ ನಡುವೆ ಇವೆ, ಜನರೇ ಕಾಯುತ್ತಾರೆ. ಗೂಡಿನ ಕೆಳಗೆ ನಿಂತು ಚಪ್ಪಾಳೆ ಹೊಡೆದು ಎಬ್ಬಿಸಬೇಡಿ. ತಾಯಿ ಎದ್ದರೆ ಬಿಸಿಲಿಗೆ ಮೊಟ್ಟೆ, ಸಣ್ಣ ಮರಿ ಕೆಡುತ್ತವೆ, ಕಾಗೆ ಹೊತ್ತುಕೊಂಡು ಹೋಗುತ್ತದೆ.

ಬಾತುಕೋಳಿ_ಅಲ್ಲ:
ಬಾತಿನ ಪ್ರಶ್ನೆ ಹಾಗೇ ಉಳಿದಿದೆ. ಎಲ್ಲಾ ಹೆಣ್ಣಲ್ಲ ಸಾರ್. ಮರಿ ಮಾಡಿ ಮುಗಿದ ಮೇಲೆ ಗಂಡು ತನ್ನ ಬಣ್ಣದ ಗರಿ ಉದುರಿಸಿ ಹೆಣ್ಣಿನ ವೇಷಕ್ಕೆ ಬರುತ್ತೆ, ಆ ವೇಷದಲ್ಲೇ ಇಲ್ಲಿಗೆ ಬಂದಿಳಿಯೋದು. ಸೂಜಿಬಾಲದ ಬಾತು, ಶಾವೆಲರ್ ಗಂಡುಗಳು ಡಿಸೆಂಬರ್ ಹೊತ್ತಿಗೆ ಬಣ್ಣ ತುಂಬ್ಕೊಳ್ತವೆ. ಗಾರ್ಗೆನಿ ತಡ, ಜನವರಿ-ಫೆಬ್ರವರಿವರೆಗೂ ಹೆಣ್ಣಿನ ಹಾಗೇ ಇರುತ್ತೆ. ಅಂದ್ರೆ ಕಲಿಯೋಕೆ ಜನವರಿ ಕೊನೆ ಸುಲಭ, ನವೆಂಬರ್ ಕಷ್ಟ.

ಕಂದು ವೇಷದಲ್ಲಿದ್ದಾಗ ಕೊಕ್ಕಿಂದ ಶುರು ಮಾಡಿ. ಕೊಕ್ಕು ತಲೆಗಿಂತ ಉದ್ದ, ತುದಿ ಅಗಲ ಆಗಿದ್ರೆ ಶಾವೆಲರ್. ನೀರಿಗೆ ಕೊಕ್ಕು ಅದ್ದಿಕೊಂಡೇ ಈಜ್ತಿರುತ್ತೆ, ಗುಂಪಾಗಿ ಸುತ್ತು ಹೊಡೆಯುತ್ತೆ. ಕತ್ತು ಉದ್ದ, ತಲೆ ಮೇಲೆ ಗೆರೆ ಗಿರೆ ಏನೂ ಇಲ್ಲ, ಕೊಕ್ಕು ಬೂದು, ಬಾಲ ಚೂಪು ಇದ್ರೆ ಸೂಜಿಬಾಲ. ಕೊಕ್ಕಿನ ಬದಿ ಕಿತ್ತಳೆ, ರೆಕ್ಕೆಯ ಹಿಂಭಾಗದಲ್ಲಿ ಬಿಳಿ ಚೌಕ ಇದ್ರೆ ಗ್ಯಾಡ್‌ವಾಲ್. ತಲೆ ಗುಂಡು, ಕೊಕ್ಕು ಗಿಡ್ಡ, ದಡದಲ್ಲಿ ಹುಲ್ಲು ಮೇಯ್ತಿದ್ರೆ ವಿಜನ್.

ಸಣ್ಣ ಬಾತು ಎರಡು, ಗಾರ್ಗೆನಿ ಮತ್ತು ಕಾಮನ್ ಟೀಲ್. ಗಾರ್ಗೆನಿ ಮುಖದ ಮೇಲೆ ಗೆರೆಗೆರೆ: ಕಣ್ಣಿನ ಮೇಲೆ ಹಾದು ಒಂದು ಕಪ್ಪು ಗೆರೆ, ಕೆನ್ನೆ ಮೇಲೆ ಇನ್ನೊಂದು, ಕೊಕ್ಕಿನ ಬುಡದಲ್ಲಿ ಬಿಳಿ ಚುಕ್ಕೆ. ಟೀಲ್ ಮುಖ ಸಪ್ಪೆ, ಆದ್ರೆ ಬಾಲದ ಬುಡದ ಪಕ್ಕ ಉದ್ದಕ್ಕೆ ತಿಳಿ ಗೀರು ಇರುತ್ತೆ. ಅದು ನೂರಾರು ಮೀಟರ್ ದೂರದಿಂದಲೂ ಕಾಣುತ್ತೆ.

ಇವಕ್ಕೆಲ್ಲ ಮೊದಲು ಚುಕ್ಕೆ ಕೊಕ್ಕಿನ ಬಾತು ಚೆನ್ನಾಗಿ ಕಲೀರಿ. ಅದು ವರ್ಷಪೂರ್ತಿ ಇರೋದು, ಕೊಕ್ಕಿನ ತುದಿ ಹಳದಿ. ಪಕ್ಕದಲ್ಲಿ ಅದು ಇದ್ರೆ ಉಳಿದವುಗಳ ಗಾತ್ರ ತಾನಾಗೇ ಗೊತ್ತಾಗುತ್ತೆ.

ಕೋಲಾರದ_ಕಾಜಾಣ:
ನಮ್ಮ ಕೋಲಾರದ ಕಡೆ ಈಗ ಕಥೆ ಬೇರೆ. 2018ರಿಂದ ಕೆಸಿ ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ಲಕ್ಷ್ಮೀಸಾಗರ ಕೆರೆಗೆ ಬಂದು ಅಲ್ಲಿಂದ ಒಂದೊಂದೇ ಕೆರೆ ತುಂಬ್ತು. ಮೊದಲೆಲ್ಲ ಜನವರಿಗೆ ಅಂಗಳ ಬಿರುಕು ಬಿಡ್ತಿದ್ದ ಕೆರೆಗಳು ಬೇಸಿಗೆಯಲ್ಲೂ ತುಂಬಿರ್ತವೆ. ಬಾತಿಗೆ, ನೀರುಕಾಗೆಗೆ, ನಾಮದ ಕೋಳಿಗೆ ಹಬ್ಬ. ಗೊರವ, ಕೆಸರಲ್ಲೇ ಮೇಯೋ ಸಣ್ಣ ಹಕ್ಕಿಗಳಾದ ಸ್ಟಿಂಟ್, ಪ್ಲೋವರ್‌ಗಳಿಗೆ ನಿಲ್ಲೋಕೆ ಕೆಸರೇ ಇಲ್ಲ. ಅವನ್ನ ಹುಡುಕಬೇಕಂದ್ರೆ ಆ ಸಾಲಿಗೆ ಸೇರದ, ಮಳೆ ನೀರನ್ನೇ ನಂಬಿರೋ ಕೆರೆಗೆ ಹೋಗಬೇಕು.

ತೂಬಿನ_ಪಕ್ಕ:
ಒಪ್ಪಲ್ಲ. ತುಂಬಿದ ಕೆರೆಯಲ್ಲೂ ಕೋಡಿ ಕೆಳಗೆ ಗದ್ದೆ ಒದ್ದೆ ಇರುತ್ತಲ್ಲ. ನೀರು ಬಂದ ಮೇಲೆ ಅಚ್ಚುಕಟ್ಟಲ್ಲಿ ಭತ್ತ, ಸೊಪ್ಪು ಹಾಕ್ತಿದ್ದಾರೆ. ವುಡ್ ಸ್ಯಾಂಡ್‌ಪೈಪರ್, ಹಳದಿ ಸಿಪಿಲೆ (ವ್ಯಾಗ್‌ಟೇಲ್), ಉದ್ದ ಕೊಕ್ಕಿನ ಸ್ನೈಪ್ ಎಲ್ಲಾ ಅಲ್ಲಿಗೆ ಜಾಗ ಬದಲಿಸಿವೆ. ಕೆರೆ ಮಾತ್ರ ನೋಡಿ ಇಲ್ಲ ಅಂದ್ರೆ ಹೇಗೆ?

ಕೋಲಾರದ_ಕಾಜಾಣ:
ವುಡ್, ಸ್ನೈಪ್ ಗದ್ದೆಗೆ ಹೋಗ್ತವೆ, ಸರಿ. ಸ್ಟಿಂಟ್ ಹೋಗಲ್ವಲ್ಲ ಅಣ್ಣ. ಲಿಟಲ್ ಸ್ಟಿಂಟ್‌ಗೆ ಬೇಕಾಗಿರೋದು ಪೈರಿಲ್ಲದ ಬಟ್ಟ ಬಯಲು ಕೆಸರು.

ತೂಬಿನ_ಪಕ್ಕ:
ಅದು ಹೌದು, ಸ್ಟಿಂಟ್ ಮಟ್ಟಿಗೆ ನಿನ್ನ ಮಾತೇ ಸರಿ.

ಗೊರವಂಕ:
ಸ್ನೈಪ್ ಅಂದ್ರಲ್ಲ, ನಾವು ಅದರ ಹತ್ತಿರ, ಕಾಲ ಬುಡಕ್ಕೇ ಬರೋವರೆಗೂ ಅದು ಏಳಲ್ಲ. ಎದ್ದ ಮೇಲೆ ಎರಡೇ ಸೆಕೆಂಡ್ ಸಿಗೋದು. ಆ ಎರಡು ಸೆಕೆಂಡಲ್ಲಿ ರೆಕ್ಕೆಯ ಹಿಂದಿನ ಅಂಚು ನೋಡಿ. ಅಂಚಿಗೆ ಬಿಳಿ ಗೆರೆ ಇದ್ದು ಅಂಕುಡೊಂಕಾಗಿ ಹಾರಿದ್ರೆ ಕಾಮನ್ ಸ್ನೈಪ್. ಬಿಳಿ ಅಂಚು ಇಲ್ಲ, ರೆಕ್ಕೆ ಅಡಿ ಕಪ್ಪು ಇದ್ರೆ ಪಿನ್‌ಟೇಲ್ ಸ್ನೈಪ್. ಕೂತಿರೋದನ್ನ ನೋಡಿ ಯಾರಾದ್ರೂ ಖಚಿತವಾಗಿ ಹೆಸರು ಹೇಳಿದ್ರೆ ಸ್ವಲ್ಪ ಅನುಮಾನದಿಂದಲೇ ನೋಡಿ.

ಸಿಪಿಲೆ:
ಅಕ್ಕಂದಿರು ಅಣ್ಣಂದಿರು ಯಾರೂ ಸಿಪಿಲೆ ಬಗ್ಗೆ ಬರೀಲಿಲ್ಲ. ಕಲಿಯೋಕೆ ಅದೇ ಮೊದಲ ಪಾಠ. ಬೂದು ಸಿಪಿಲೆ ಎಲ್ಲರಿಗಿಂತ ಮುಂಚೆ, ಸೆಪ್ಟೆಂಬರ್ ಹೊತ್ತಿಗೇ ಬರುತ್ತೆ. ಬಾಲ ತುಂಬಾ ಉದ್ದ, ಬೆನ್ನು ಬೂದು, ಬಾಲದ ಕೆಳಗೆ ಹಳದಿ, ಹರಿಯೋ ನೀರಿನ ಹತ್ತಿರ ಒಂಟಿಯಾಗಿ. ಹಳದಿ ಸಿಪಿಲೆ ಬೆನ್ನು ಹಸಿರು ಮಿಶ್ರಿತ, ದನ ಮೇಯೋ ಕಡೆ ಗುಂಪಾಗಿ, ದನದ ಕಾಲಿಗೆ ಎದ್ದ ಹುಳ ಹಿಡಿಯುತ್ತೆ. ಬಿಳಿ ಸಿಪಿಲೆ ಮುಖ ಬಿಳಿ. ಬಿಳಿ ಹುಬ್ಬಿನ ಸಿಪಿಲೆ ದೊಡ್ಡದು, ಮುಖ ಕಪ್ಪು, ಹುಬ್ಬು ಮಾತ್ರ ಬಿಳಿ, ಇದು ಖಾಯಂ ನಿವಾಸಿ. ಕೊನೆಯ ಎರಡನ್ನ ಅದಲು ಬದಲು ಮಾಡೋದು ತುಂಬಾ ಜನ.

ಮಧುಗಿರಿ_ಮೆದೆ:
ಕೆರೆ ಬಿಟ್ಟು ಹೊರಗೆ ಬನ್ನಿ ಸ್ವಾಮಿ. ರಾಗಿ ಕೊಯ್ಲು ಆದ ಹೊಲ ನೋಡಿ. ಕೂಳೆ ನಡುವೆ ನೆಲಗುಬ್ಬಿ, ಪಿಪಿಟ್ ಎಲ್ಲಾ ಇರ್ತವೆ. ಪ್ಯಾಡಿಫೀಲ್ಡ್ ಪಿಪಿಟ್ ಇಲ್ಲಿನದೇ, ಎಬ್ಬಿಸಿದ್ರೆ ಚಿಪ್ ಚಿಪ್ ಅಂತ ಮೆಲ್ಲಗೆ ಕೂಗಿ ಸ್ವಲ್ಪ ದೂರದಲ್ಲೇ ಇಳಿಯುತ್ತೆ. ಚಳಿಗೆ ಬರೋ ರಿಚರ್ಡ್ಸ್ ಪಿಪಿಟ್ ದೊಡ್ಡದು, ಎದೆ ಎತ್ತಿ ನಿಲ್ಲುತ್ತೆ, ಶ್ರೀಪ್ ಅಂತ ಜೋರಾಗಿ ಒರಟಾಗಿ ಕೂಗಿ ದೂರ ಹೋಗುತ್ತೆ, ಇಳಿಯೋಕೆ ಮುಂಚೆ ಹುಲ್ಲಿನ ಮೇಲೆ ಕ್ಷಣ ರೆಕ್ಕೆ ಬಡೀತಾ ನಿಲ್ಲುತ್ತೆ. ಕೂಗು ಕೇಳದೆ ಪಿಪಿಟ್‌ಗೆ ಹೆಸರಿಡಬೇಡಿ.

ಆಮೇಲೆ ಮೈದನಹಳ್ಳಿ. ಜಯಮಂಗಲಿ ಕೃಷ್ಣಮೃಗ ಮೀಸಲು, 798 ಎಕರೆ ಹುಲ್ಲುಗಾವಲು, ನಮ್ಮ ಮಧುಗಿರಿ ತಾಲ್ಲೂಕಿಗೆ ಸೇರಿದ್ದು. ಸೆಳೆವ (ಹ್ಯಾರಿಯರ್ ಅನ್ನೋ ಗಿಡುಗ) ನೋಡೋಕೆ ಸಂಜೆ ನಾಲ್ಕೂವರೆ ಮೇಲೆ. ಹುಲ್ಲಿನ ಮೇಲೆ ಎರಡಾಳು ಎತ್ತರದಲ್ಲಿ, ರೆಕ್ಕೆ ಮೇಲಕ್ಕೆತ್ತಿ ಹಿಡ್ಕೊಂಡು ನಿಧಾನಕ್ಕೆ ತೇಲ್ತಾ ಬರುತ್ತೆ. ಗಂಡು ಮಾಸಲು ಬಿಳಿ-ಬೂದು. ರೆಕ್ಕೆ ತುದಿಯಲ್ಲಿ ಕಪ್ಪು ಕಿರಿದಾಗಿದ್ರೆ ಪ್ಯಾಲಿಡ್. ಕಪ್ಪು ಅಗಲ ಇದ್ದು, ರೆಕ್ಕೆ ಮಧ್ಯೆ ಕಪ್ಪು ಅಡ್ಡಪಟ್ಟಿಯೂ ಇದ್ರೆ ಮಾಂಟೆಗ್ಯೂಸ್. ಹೆಣ್ಣು ಎರಡೂ ಕಂದು, ಬಾಲದ ಬುಡದಲ್ಲಿ ಬಿಳಿ. ಅವನ್ನ ಬೇರೆ ಮಾಡೋದು ಫೋಟೊ ಇಲ್ಲದೆ ಕಷ್ಟ. "ಪ್ಯಾಲಿಡ್ ಅಥವಾ ಮಾಂಟೆಗ್ಯೂಸ್" ಅಂತ ಬರೆದ್ರೆ ಯಾರೂ ನಗಲ್ಲ, ಇಬರ್ಡ್‌ನಲ್ಲೂ ಹಾಗೆ ಹಾಕೋಕೆ ಅವಕಾಶ ಇದೆ.

ಕತ್ತಲಾಗ್ತಾ ಹುಲ್ಲೊಳಗೆ ನಡೀಬೇಡಿ. ಇವು ಮರದ ಮೇಲಲ್ಲ, ನೆಲದ ಮೇಲೆ ಮಲಗೋ ಹಕ್ಕಿ. ಅರಣ್ಯ ಇಲಾಖೆಯವರಿಗೆ ಹೇಳಿ ಒಳಗೆ ಹೋಗಿ.

ಅವರೆಕಾಯಿ:
ಕೆರೆ ಮೇಲೆ ಹಾರೋ ಕಂದು ಗಿಡುಗನೂ ಸೆಳೆವನೇನಾ ಅಣ್ಣ?

ಮಧುಗಿರಿ_ಮೆದೆ:
ಮಾರ್ಶ್ ಹ್ಯಾರಿಯರ್ ಇರಬಹುದು, ಇನ್ನೂ ಬಣ್ಣ ಬರದ ಎಳೆ ಗರುಡನೂ ಇರಬಹುದು. ರೆಕ್ಕೆ ಮೇಲಕ್ಕೆತ್ತಿ ಹಿಡಿದು, ತಲೆ ಮೇಲೆ ಕೆನೆ ಬಣ್ಣ, ಬಾಲ ಉದ್ದ ಇದ್ರೆ ಮಾರ್ಶ್. ರೆಕ್ಕೆ ಮಟ್ಟವಾಗಿ, ಬಾಲ ಗಿಡ್ಡ, ತುದಿ ದುಂಡಗೆ ಇದ್ರೆ ಗರುಡ. ಬಾಲ ಕವಲಾಗಿದ್ರೆ ಮಾಮೂಲಿ ಹದ್ದು.

ಕಂದವಾರದ_ಕಡೆಯವ:
ತುಂಬಾ ಉಪಕಾರ. ಒಂದು ಸಣ್ಣ ಪ್ರಶ್ನೆ: 8×40 ಸಾಕಾ, 10×50 ತಗೋಬೇಕಾ? ಅಂಗಡಿಯವರು ಜೂಮ್ ಇರೋದು ತೋರಿಸ್ತಿದ್ದಾರೆ, 10ರಿಂದ 30ರವರೆಗೆ.

ಬಾತುಕೋಳಿ_ಅಲ್ಲ:
ಜೂಮ್ ಮುಟ್ಟಲೇಬೇಡಿ. 30 ಪಟ್ಟು ಕೈಯಲ್ಲಿ ನಿಲ್ಲಲ್ಲ, ಬೆಳಕೂ ಸತ್ತುಹೋಗುತ್ತೆ. ನಿಮ್ಮ 8×40ರಲ್ಲಿ 40 ಭಾಗಿಸು 8, ಅಂದ್ರೆ 5 ಮಿ.ಮೀ. ಬೆಳಕಿನ ಕಿಂಡಿ ಕಣ್ಣಿಗೆ ಸಿಗುತ್ತೆ, ಮಂಜಿನ ಬೆಳಿಗ್ಗೆಗೆ ಅದು ಬೇಕೇ ಬೇಕು. 10×50ರಲ್ಲೂ 5 ಮಿ.ಮೀ.ಯೇ, ಆದ್ರೆ ಭಾರ ಜಾಸ್ತಿ, ನೋಟದ ಅಗಲ ಕಮ್ಮಿ, ಪೊದೆ ಹಕ್ಕಿ ಹುಡುಕೋದ್ರೊಳಗೆ ಅದು ಹಾರಿರುತ್ತೆ. ಇರೋದನ್ನೇ ಇಟ್ಕೊಳ್ಳಿ.

ಬಲಗಣ್ಣಿನ ಹೊಂದಾಣಿಕೆ ಮಾಡಿದ್ದೀರಾ? ಬಲಗಣ್ಣು ಮುಚ್ಚಿ ನಡುವಿನ ಚಕ್ರ ತಿರುಗಿಸಿ ದೂರದ ಬೋರ್ಡಿನ ಅಕ್ಷರ ಎಡಗಣ್ಣಿಗೆ ಚೂಪು ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರದ ಉಂಗುರ ತಿರುಗಿಸಿ ಅದೇ ಅಕ್ಷರ ಚೂಪು ಮಾಡಿ. ಆ ಉಂಗುರದ ಗುರುತು ಎಲ್ಲಿ ನಿಂತಿದೆ ನೋಡಿಟ್ಕೊಳ್ಳಿ. ಇದು ಮಾಡದೇ ಇದ್ರೆ ಚಿತ್ರ ಯಾವತ್ತೂ ಸ್ವಲ್ಪ ಮಸುಕು, ತಲೆನೋವು ಬೇರೆ. ಕನ್ನಡಕ ಇದ್ರೆ ಕಣ್ಣಿನ ರಬ್ಬರ್ ಬಟ್ಟಲು ಕೆಳಗೆ ಮಡಚಿ.

ಮೊಬೈಲ್_ಬರ್ಡರ್:
ಮಸೂರ ಅಂಗಿ ತುದಿಯಲ್ಲಿ ಒರೆಸಬಹುದಾ?

ಬಾತುಕೋಳಿ_ಅಲ್ಲ:
ಕೆರೆ ಅಂಗಳದ ಧೂಳಲ್ಲಿ ಮರಳು ಇರುತ್ತೆ, ಒರೆಸಿದ್ರೆ ಗೀಚುತ್ತೆ. ಮೊದಲು ಗಾಳಿ ಊದೋ ರಬ್ಬರ್ ಬಲ್ಬ್, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಮೈಕ್ರೊಫೈಬರ್ ಬಟ್ಟೆ. ಬಾಯಿಂದ ಊದಿದ್ರೆ ಎಂಜಲು ಹಾರುತ್ತೆ.

ಕೋಲಾರದ_ಕಾಜಾಣ:
ಹೊಸಬರಿಗೆ ಒಂದು ಎಚ್ಚರಿಕೆ. ಅಂಗಳಕ್ಕೆ ಇಳೀರಿ ಅಂತ ಮೇಲೆ ಎಲ್ಲರೂ ಹೇಳಿದ್ರು. ಜೆಸಿಬಿಯಲ್ಲಿ ಮಣ್ಣು ತೆಗೆದ ಗುಂಡಿಗಳು ನೀರು ಬಂದ ಮೇಲೆ ಕಾಣಲ್ಲ, ಆಳ ಇರ್ತವೆ, ಅಂಚು ಕಡಿದಾಗಿರುತ್ತೆ. ದನ ನಡೆದ ದಾರಿ ಬಿಟ್ಟು ನೀರಿಗೆ ಕಾಲಿಡಬೇಡಿ. ಮೇಲೆ ಒಣಗಿ ಬಿರುಕು ಬಿಟ್ಟ ಹೂಳು ಒಳಗೆ ಮೆತ್ತಗಿರುತ್ತೆ, ಮೊಣಕಾಲವರೆಗೂ ಹೂತ್ಕೊಳ್ಳುತ್ತೆ. ಒಬ್ಬರೇ ಹೋಗಬೇಡಿ.

ಶಿರಾ_ಹುಡ್ಗ:
ಗುಲಾಬಿ ಕಬ್ಬಕ್ಕಿ ಎಲ್ಲಿ ಸಿಗುತ್ತೆ ಯಾರಾದ್ರೂ ಹೇಳಿ. ಗುಲಾಬಿ ಬಣ್ಣದ್ದು ಒಂದೂ ಕಾಣ್ತಿಲ್ಲ.

ಸಿಪಿಲೆ:
ಗುಂಪಲ್ಲಿ ಮರಳು ಬಣ್ಣದ, ಹಳದಿ ಕೊಕ್ಕಿನ ಹಕ್ಕಿ ಇದ್ರೆ ಅದೇ ಗುಲಾಬಿ ಕಬ್ಬಕ್ಕಿಯ ಎಳೆಯದು. ದೊಡ್ಡದರ ಗುಲಾಬಿಯೂ ಚಳಿಗಾಲದಲ್ಲಿ ಮಾಸಲು, ಮಾರ್ಚ್ ಹತ್ತಿರ ಬಂದ ಮೇಲೆ ಹೊಳಪು. ಜೋಳದ ಹೊಲ, ಹಣ್ಣು ಬಿಟ್ಟ ಆಲ, ಹೂ ಬಿಟ್ಟ ಬೂರುಗ, ಮುತ್ತುಗ ನೋಡಿ. ಸಂಜೆ ಕೆರೆ ಜೊಂಡಿಗೆ, ಜಾಲಿಗೆ ಮಲಗೋಕೆ ದೊಡ್ಡ ಗುಂಪಾಗಿ ಬರ್ತವೆ.

ಗೌರಿಬಿದನೂರು_ಮೇಷ್ಟ್ರು:
ಕಂದವಾರದವರೇ, ಜನವರಿಯಲ್ಲಿ ಏಷ್ಯಾ ಮಟ್ಟದ ನೀರುಹಕ್ಕಿ ಗಣತಿ ನಡೆಯುತ್ತದೆ, ನಮ್ಮ ಉಪಖಂಡದಲ್ಲಿ 1987ರಿಂದ ಇದೆ. ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. ಎರಡನೆಯದಕ್ಕೆ ಒಂದು ಜಾಗದಲ್ಲಿ 15 ನಿಮಿಷ ಎಣಿಸಿದರೂ ಸಾಕು. ಗುರುತು ಸಿಗದ ಹಕ್ಕಿಯನ್ನು "ಸ್ಯಾಂಡ್‌ಪೈಪರ್ ಜಾತಿ" ಎಂದಷ್ಟೇ ಬರೆಯಿರಿ, ಊಹಿಸಿ ಬರೆದ ಹೆಸರಿಗಿಂತ ಅದಕ್ಕೆ ಬೆಲೆ ಹೆಚ್ಚು. ಗುಂಪು ದೊಡ್ಡದಿದ್ದರೆ ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ಎಂದು ನೋಡಿ, ಅಂಥ ಜಾಗ ಎಷ್ಟಾಗುತ್ತದೆ ಎಂದು ಮುಂದಕ್ಕೆ ಅಳೆಯಿರಿ.

ಕಂದವಾರದ_ಕಡೆಯವ:
ಆಗಲಿ ಮೇಷ್ಟ್ರೇ. ಈ ಭಾನುವಾರ ಕೆರೆ ಅಂಗಳದ ಕಡೆಯಿಂದಲೇ ಶುರು ಮಾಡ್ತೀನಿ. ಗೊರವ ಹಾರಿದಾಗ ರೆಕ್ಕೆ ಅಡಿ ನೋಡಬೇಕು, ಬಾಲದ ಬುಡ ಅಲ್ಲ, ಸರಿ ತಾನೆ?

ಗೊರವಂಕ:
ಗ್ರೀನ್-ವುಡ್ ನಡುವೆ ಆದ್ರೆ ರೆಕ್ಕೆ ಅಡಿ. ಕಾಮನ್ ಹೌದಾ ಅಲ್ವಾ ಅಂತ ನೋಡೋಕೆ ಬಾಲದ ಬುಡ. ಅದು ಕಂದಾಗಿದ್ರೆ ಅಲ್ಲಿಗೇ ಮುಗೀತು.

ಅವರೆಕಾಯಿ:
ಭಾನುವಾರ ನಾನೂ ಬರ್ತೀನಿ ಅಣ್ಣ, ಎಷ್ಟೊತ್ತಿಗೆ?

ಕಂದವಾರದ_ಕಡೆಯವ:
ಏಳೂವರೆಗೆ, ಮಂಜು ಇದ್ರೆ ಎಂಟು. ಬಿಳಿ ಅಂಗಿ ಬೇಡ.